ಮುಚ್ಚಿದ ಕೊಕ್ಕು

ಹೊನ್ನಾಳಿಯ ಪೇಂಟರ್ ಕಲೀಮುಲ್ಲಾನಿಗೆ ಆ ಮಾತು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ನ್ಯಾಮತಿಯ ಶಾಲೆಯಲ್ಲಿ ಮಕ್ಕಳೆಲ್ಲರ ಎದುರಿಗೆ ವನಜಾಕ್ಷಿ ಟೀಚರ್ ಅಂದಿದ್ದರು: "ನಿಮ್ಮ ಇಲಿಗೆ ಜೀವ ಐತೆ. ಹಕ್ಕಿಗಿಲ್ಲ."

ಕಾಂಪೌಂಡ್ ಗೋಡೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಬರೆಯಬೇಕಿತ್ತು. ಎಡಕ್ಕೆ, ಎಲ್ಲೋ ದೂರದ ದ್ವೀಪದಲ್ಲಿದ್ದು ಈಗ ಒಂದೂ ಉಳಿಯದ ಕಪ್ಪು ಹಾಡುಹಕ್ಕಿ. ಬಲಕ್ಕೆ, ಹಡಗು ಹತ್ತಿ ಅಲ್ಲಿಗೂ ಹೋಗಿ ಹಕ್ಕಿಗಳ ಮೊಟ್ಟೆ ತಿಂದ ಇಲಿ. ಇಲಿಗೇನು ಬರ? ಮನೆಯಲ್ಲೇ ಬೋನಿಗೆ ಬಿದ್ದದ್ದನ್ನು ಸ್ಕೂಟರಿನಲ್ಲಿಟ್ಟುಕೊಂಡು ತಂದ. ಮೀಸೆ, ಬಾಲ, ಬೋನಿನ ಸರಳು ಕಚ್ಚುವ ಹಲ್ಲು, ಎಲ್ಲವನ್ನೂ ನೋಡಿ ನೋಡಿ ಬರೆದ. ಹಕ್ಕಿಗೆ ಮಾತ್ರ ಪುಸ್ತಕದಲ್ಲಿ ಉಗುರಿನಷ್ಟು ಚಿತ್ರವೊಂದಿತ್ತು, ಅದನ್ನೇ ನೋಡಿ ಬರೆದ. ಆಗಲೇ ಟೀಚರ್ ಆ ಮಾತು ಅಂದದ್ದು.

"ಯಾರೂ ನೋಡದೇ ಇರೋ ಹಕ್ಕೀನ ಹೆಂಗೆ ಬರೀಬೇಕ್ರೀ ಮೇಡಂ? ನೀವೇ ಬರೀರಿ," ಎಂದು ಬ್ರಶ್ಶನ್ನು ಬಕೆಟ್ಟಿಗೆ ಒಗೆದ.

ಟೀಚರ್ ಮಕ್ಕಳನ್ನು ಒಳಗೆ ಕಳಿಸಿ, ಫೋನನ್ನು ಅವನ ಕಿವಿಗೆ ಹಿಡಿದರು. ಅದರಲ್ಲಿ ಆ ಜಾತಿಯ ಕೊನೆಯ ಗಂಡುಹಕ್ಕಿಯ ಕೂಗು ಇತ್ತಂತೆ. ಕೂಗುವುದು, ತಡೆದು ಕಾಯುವುದು, ಮತ್ತೆ ಕೂಗುವುದು. ಜೋಡಿ ಬರಲೇ ಇಲ್ಲವಂತೆ.

"ಹಾಡೋ ಹಕ್ಕಿ ಕಲೀಮಣ್ಣ ಅದು. ನೀವು ಬಾಯಿ ಮುಚ್ಚಿಸಿಬಿಟ್ಟೀರಿ. ಕೊಕ್ಕು ತೆರೀರಿ, ಸಾಕು."

ನೋಡಿದರೆ ಹೌದು. ಇಲಿಯ ಬಾಯಿ ತೆರೆದಿತ್ತು, ಹಕ್ಕಿಯದು ಮುಚ್ಚಿತ್ತು. ಎರಡೇ ಗೀಟಿನ ಕೆಲಸ. ಆದರೆ ಒಗೆದ ಬ್ರಶ್ಶನ್ನು ಅವರೆದುರಿಗೇ ಎತ್ತಿಕೊಳ್ಳುವುದು ಹೆಂಗೆ? ನಾಳೆ ಬರುತ್ತೇನೆಂದು ಹೊರಟ. ಟೀಚರ್ ಆ ಕೂಗನ್ನು ಅವನ ಫೋನಿಗೆ ಕಳಿಸಿದರು.

ಮರುದಿನ ಹೋಗಲಿಲ್ಲ. ಚನ್ನಗಿರಿಯಲ್ಲಿ ಬೋರ್ಡ್ ಬರೆಯುವಾಗಲೂ, ಊಟಕ್ಕೆ ಕೂತಾಗಲೂ ಆ ಕೂಗು ಹಾಕಿಕೊಂಡು ಕೇಳುತ್ತಿದ್ದ. ಹೆಂಡತಿ ನುಜಹತ್, "ಮನೆ ತುಂಬಾ ಬದುಕಿರೋ ಇಲಿ ಅದಾವೆ, ಅವನ್ನ ಹಿಡೀರಿ. ಸತ್ತಿದ್ದನ್ನ ಕೇಳ್ತಾ ಕುಂತೀರಲ್ಲ," ಎಂದು ತಟ್ಟೆ ಕುಕ್ಕಿದಳು.

ಏಳು ತಿಂಗಳಾದ ಮೇಲೆ ಕೊಕ್ಕಿನ ಒಳಭಾಗಕ್ಕೆಂದು ಕೆಂಪು ಕಲಸಿಕೊಂಡು ಹೋದ. ಹೊಸ ಗೇಟಿಗಾಗಿ ಗೋಡೆಯಲ್ಲಿ ಹಕ್ಕಿಯಿದ್ದ ಎಡಭಾಗವನ್ನು ಒಡೆದಿದ್ದರು. ಬಲಕ್ಕೆ ಇಲಿ ಹಲ್ಲು ಕಿರಿದುಕೊಂಡು ನಿಂತಿತ್ತು. ಟೀಚರಿಗೆ ಜಗಳೂರಿಗೆ ವರ್ಗವಾಗಿತ್ತು.

ಮೊನ್ನೆ ಜಗಳೂರಿನಲ್ಲಿ ಅಂಗಡಿಯ ಶಟರ್ ಬರೆಯುತ್ತಿದ್ದಾಗ ಅವರೇ ಎದುರಾದರು.

"ಕೊಕ್ಕು ತೆರೆದ್ರಾ ಕಲೀಮಣ್ಣ?"

"ಅವತ್ತೇ ತೆರೆದೆ ಮೇಡಂ," ಎಂದುಬಿಟ್ಟ.

ಅವರು ಖುಷಿಯಿಂದ ಹೋದರು. ಶಟರಿನ ಮೇಲಿನ ಅಕ್ಷರ ಸೊಟ್ಟಗಾಗಿತ್ತು, ಬೈದುಕೊಳ್ಳುತ್ತಾ ಅಳಿಸಿದ. ಹಕ್ಕಿಗೆಂದು ಕಲಸಿದ ಕೆಂಪು ಅವನ ಚೀಲದೊಳಗೆ ಡಬ್ಬಿಯಲ್ಲೇ ಒಣಗಿದೆ. ಅದನ್ನು ಬಳಿಯಲು ಗೋಡೆಯೇ ಇಲ್ಲ.