ಅಪ್ಪನಿಗೆ ತಲುಪದ ಸಾರು

ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಈಗಿನ ಮನೆಯ ಪಕ್ಕದಲ್ಲಿ ವಾರಕ್ಕೊಮ್ಮೆ ಹುರುಳಿ ಬೇಯಿಸುತ್ತಾರೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮಣ್ಣಿನಂಥ, ತುಸು ಒಗರಾದ ಆ ವಾಸನೆ ಕಿಟಕಿ ದಾಟಿ ಒಳಗೆ ಬರುತ್ತದೆ. ಅದರ ಹಿಂದೆಯೇ ಬೆಳ್ಳುಳ್ಳಿ ಒಗ್ಗರಣೆಯ ಚುರ್ ಎನ್ನುವ ಸದ್ದು. ಅಂಥ ವಾಸನೆಗೆ ನಿಮಗಾದರೆ ಬಾಯಲ್ಲಿ ನೀರೂರೀತು, ತಾಯಿಯ ಅಡುಗೆಮನೆ ಕಣ್ಣಮುಂದೆ ಬಂದೀತು. ನನಗೂ ಬರುತ್ತದೆ. ಆದರೆ ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ.

ಆಗ ನಾನು ಹನ್ನೊಂದು ವರ್ಷದವಳು. ಭದ್ರಾವತಿಯ ನ್ಯೂ ಟೌನಿನಲ್ಲಿ ಎರಡು ಕೋಣೆಯ ಮನೆ ನಮ್ಮದು. ಅಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡುತ್ತಿದ್ದರು. ಸಂಜೆ ಬಂದಾಗ ಅವರ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಬಿಳಿಯ ಉಪ್ಪಿನ ಗೆರೆಗಳಾಗಿರುತ್ತಿದ್ದವು. ಅಮ್ಮ ಅದನ್ನು ಒಗೆಯುವಾಗೆಲ್ಲ, "ಮೈಯಲ್ಲಿರೋ ಸತ್ವ ಎಲ್ಲ ಬೆಂಕಿ ಕುಡೀತೈತೆ" ಎನ್ನುತ್ತಿದ್ದಳು. ಹೋದ ಸತ್ವವನ್ನು ಮಧ್ಯಾಹ್ನದ ಊಟದಲ್ಲಿ ತುಂಬಿಕೊಡಬೇಕೆಂಬುದು ಅವಳ ಹಟ. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಾಗ ಅವಳು ಬೇರೆ ಹೆಂಗಸರ ಹಾಗೆ ಊರ ಸುದ್ದಿ ಕೇಳುತ್ತಿರಲಿಲ್ಲ. ಇವತ್ತು ನಿಮ್ಮ ಮನೆಯಲ್ಲಿ ಏನು ಮಾಡಿದ್ರಿ, ಹೇಗೆ ಮಾಡಿದ್ರಿ ಎಂದು ಕೇಳುತ್ತಿದ್ದಳು. ತೆಲುಗಿನವರ ಮನೆಯಿಂದ ಪುಂಡಿಸೊಪ್ಪಿನ ಬೇಳೆ ಬಂತು. ಅಪ್ಪನ ಜೊತೆ ಕೆಲಸಕ್ಕಿದ್ದ ಆರ್ಮುಗಂ ಅವರ ಹೆಂಡತಿಯಿಂದ ನುಗ್ಗೆಸೊಪ್ಪನ್ನು ಕಹಿಯಾಗದಂತೆ ಹುರಿಯುವ ಬಗೆ ಬಂತು. ಮಾಚೇನಹಳ್ಳಿ ಕಡೆಯಿಂದ ಸೊಪ್ಪು ಹೊತ್ತು ತರುತ್ತಿದ್ದವಳು ನಮ್ಮ ಜಗುಲಿಯ ಮೇಲೆ ಕುಳಿತು ಹುರುಳಿಕಟ್ಟಿನ ಸಾರು ಹೇಳಿಕೊಟ್ಟಳು: ಬೆಂದ ಹುರುಳಿಯ ನೀರು ಬಸಿದುಕೊಂಡು, ಒಂದು ಹಿಡಿ ಕಾಳನ್ನು ಕೆಂಡದಲ್ಲಿ ಸುಟ್ಟ ಈರುಳ್ಳಿಯ ಜೊತೆ ರುಬ್ಬಿ ಕದಡಬೇಕು. ಅಮ್ಮನಿಗೆ ಓದುಬರಹ ಇರಲಿಲ್ಲ. "ಬರ್ಕೋ ಮಗಾ, ಮರ್ತೋಗ್ತೀನಿ" ಎಂದು ನನ್ನನ್ನು ಕೂರಿಸುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ನಾನು ಬರೆಯುತ್ತಿದ್ದೆ. ಬರೆದದ್ದನ್ನು ಓದಿ ಹೇಳಿದಾಗ ಅವಳ ಮುಖ ನೋಡಬೇಕಿತ್ತು.

ಮಧ್ಯಾಹ್ನ ಶಾಲೆ ಬಿಟ್ಟಾಗ ಮನೆಗೆ ಬಂದು ಉಂಡು, ಅಪ್ಪನ ಕ್ಯಾರಿಯರನ್ನು ಕಾರ್ಖಾನೆಯ ಗೇಟಿಗೆ ಮುಟ್ಟಿಸಿ ಮತ್ತೆ ಶಾಲೆಗೆ ಹೋಗುವುದು ನನ್ನ ಕೆಲಸ. ಮೇಲಿನ ಡಬ್ಬಿಯಲ್ಲಿ ಮುದ್ದೆ, ಕೆಳಗಿನದರಲ್ಲಿ ಸಾರು. ಅಮ್ಮ ಮೊದಲ ಸಲ ಹುರುಳಿಕಟ್ಟಿನ ಸಾರು ಮಾಡಿದ ದಿನ ಕ್ಯಾರಿಯರು ಸೋರಿ ನನ್ನ ಲಂಗದ ಮೇಲೆ ಕಂದು ಬಣ್ಣದ ಕಲೆಯಾಯಿತು. ಗೇಟಿನಿಂದ ಹಾಗೆಯೇ ಶಾಲೆಗೆ ಹೋದೆ. ಆಫೀಸರ ಬಂಗಲೆಗಳ ಕಡೆಯಿಂದ ಬರುತ್ತಿದ್ದ ಸುಶೀಲ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಗೆಳೆತನ ನನಗೆ ದೊಡ್ಡ ಹೆಮ್ಮೆ. ಅವಳು ಮೂಗು ಮುಚ್ಚಿಕೊಂಡು, "ಏನೇ, ಎತ್ತಿಗೆ ಹುರುಳಿ ಬೇಯಿಸ್ಕೊಂಡ್ ಬಂದ್ಯಾ?" ಎಂದಳು. ಇಡೀ ತರಗತಿ ನಕ್ಕಿತು. ಸುಶೀಲ ಎದ್ದು ಬೇರೆ ಬೆಂಚಿಗೆ ಹೋದಳು.

ಮರುದಿನ ದಾರಿಯ ಮೋರಿಯ ಹತ್ತಿರ ನಿಂತೆ. ಅತ್ತಿತ್ತ ನೋಡಿದೆ. ಕೆಳಗಿನ ಡಬ್ಬಿಯನ್ನು ಬಿಚ್ಚಿ ಸಾರನ್ನೆಲ್ಲ ಚರಂಡಿಗೆ ಸುರಿದು, ಬೀದಿಯ ನಲ್ಲಿಯಲ್ಲಿ ಡಬ್ಬಿ ತೊಳೆದೆ. ಅಪ್ಪನಿಗೆ, "ಕಾಲು ಜಾರಿ ಚೆಲ್ಲೋಯ್ತು" ಎಂದೆ. "ನಿಂಗೇನೂ ಪೆಟ್ಟಾಗ್ಲಿಲ್ಲ ತಾನೆ?" ಎಂದರು ಅಪ್ಪ. ಅದರ ಮರುದಿನ, "ಅಮ್ಮಂಗೆ ಹುಷಾರಿಲ್ಲ, ಸಾರು ಮಾಡ್ಲಿಲ್ಲ" ಎಂದೆ. ಮೂರನೆಯ ದಿನ ನಾನು ಏನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹುರುಳಿಯಷ್ಟೇ ಅಲ್ಲ, ಬರಬರುತ್ತ ಅಮ್ಮ ಏನೇ ತುಂಬಿದರೂ ಮೋರಿಯ ಪಾಲು ಮಾಡುವುದು ನನಗೆ ಅಭ್ಯಾಸವಾಗಿಹೋಯಿತು. ಸಂಜೆ ಅಮ್ಮ ಆಸೆಯಿಂದ, "ಪುಂಡಿಸೊಪ್ಪು ಹೆಂಗಿತ್ರೀ? ಹುಳಿ ಜಾಸ್ತಿ ಆಗಿತ್ತಾ?" ಎಂದು ಕೇಳುತ್ತಿದ್ದಳು. ಅಪ್ಪ ಕೈಕಾಲು ತೊಳೆಯುತ್ತಲೇ, "ಇಲ್ಲ ಕಣೇ, ಹದವಾಗಿತ್ತು" ಎನ್ನುತ್ತಿದ್ದರು. ಒಮ್ಮೆಯೂ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಪುಸ್ತಕದೊಳಗೆ ತಲೆ ಹುದುಗಿಸಿರುತ್ತಿದ್ದೆ. ಆಗಲೇ ಹೇಳಬಹುದಿತ್ತು. ಮುಂಗಾರಿನಲ್ಲಿ ಶುರುವಾದದ್ದು ಅವರೆಕಾಯಿಯ ಕಾಲದವರೆಗೂ ನಡೆಯಿತು. ಸುಶೀಲ ಮತ್ತೆ ನನ್ನ ಪಕ್ಕಕ್ಕೆ ಬಂದು ಕುಳಿತಿದ್ದಳು.

ಒಂದು ಭಾನುವಾರ ಆರ್ಮುಗಂ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಕುಡಿಯುತ್ತ, ಮರೆಯಿಲ್ಲದ ಮನುಷ್ಯ, ಹೇಳಿಬಿಟ್ಟರು: "ಅಕ್ಕಾ, ಅಣ್ಣ ದಿನಾ ಬರೀ ಮುದ್ದೆ ಈರುಳ್ಳಿ ಕಚ್ಕೊಂಡು ತಿಂತಾರೆ. ನಮ್ದು ಕೊಡೋಣ ಅಂದ್ರೆ ಮೀನ್ ಸಾರು, ನೀವು ಮುಟ್ಟಲ್ಲ. ವಸಿ ಸಾರು ಹಾಕಿ ಕಳಿಸ್ಬಾರ್ದಾ?"

ಅಮ್ಮ ಅಪ್ಪನಿಗೆಂದು ತಂದ ಲೋಟ ಹಿಡಿದುಕೊಂಡೇ ನಿಂತಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅಷ್ಟರಲ್ಲಿ ಅಪ್ಪ, "ಅವಳನ್ಯಾಕೆ ನೋಡ್ತೀಯ?" ಎಂದರು. "ಚೆಲ್ಲಿ ಬಾ ಅಂತ ನಾನೇ ಹೇಳಿದ್ದೆ. ಆರಿದ ಸಾರು ನಂಗೆ ಸೇರಲ್ಲ. ನಿಂಗೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ."

ಅಮ್ಮ ಲೋಟ ಕೆಳಗಿಟ್ಟು ಒಳಗೆ ಹೋದಳು. ಸೋಮವಾರ ಕ್ಯಾರಿಯರಿನಲ್ಲಿ ಮುದ್ದೆಯ ಬದಲು ಮೊಸರನ್ನವಿತ್ತು. ಅದಾದ ಮೇಲೆ ದಿನವೂ ಅದೇ. ನಲ್ಲಿಯ ಹತ್ತಿರ ಅವಳು ಯಾರನ್ನೂ ಏನೂ ಕೇಳುವುದನ್ನು ಬಿಟ್ಟಳು. ತೆಲುಗಿನವರು ತಾವಾಗಿ ಹೇಳಲು ಬಂದರೂ, "ನಮ್ಮನೇಲಿ ಅವೆಲ್ಲ ಯಾರೂ ಉಣ್ಣಲ್ಲ" ಎಂದು ಬಿಂದಿಗೆ ಎತ್ತಿಕೊಂಡು ಬಂದುಬಿಡುತ್ತಿದ್ದಳು. ನಾನು ಬರೆದಿದ್ದ ಕ್ಯಾಲೆಂಡರ್ ಹಾಳೆಗಳು ಒಂದೊಂದಾಗಿ ಬಚ್ಚಲೊಲೆ ಹೊತ್ತಿಸಲು ಹೋದವು. ಅವು ಹೋಗುವುದನ್ನು ನಾನೂ ಕಂಡೆ, ಅಪ್ಪನೂ ಕಂಡರು. ಅವರಾದರೋ ನನಗಾಗಿ ಬಾಯಿ ಮುಚ್ಚಿಕೊಂಡಿದ್ದರು. ನಾನು ಯಾರಿಗಾಗಿ ಮುಚ್ಚಿಕೊಂಡಿದ್ದೆನೋ, ಅದನ್ನು ಹೇಳಲು ಇವತ್ತಿಗೂ ನಾಚಿಕೆ.

ಅಪ್ಪ ಹೋದ ಎಷ್ಟೋ ವರ್ಷಗಳ ಮೇಲೆ, ಅಮ್ಮ ಶಿವಮೊಗ್ಗಕ್ಕೆ ಬಂದು ನಮ್ಮ ಜೊತೆಗಿದ್ದಾಗ, ಒಂದು ಬೆಳಿಗ್ಗೆ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಎದುರಿಗೆ ಕುಳಿತು ನಾನು ಎಲ್ಲವನ್ನೂ ಹೇಳಿದೆ. ಮೋರಿ, ಸುಶೀಲ, ಅಪ್ಪನ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ. ಅವಳ ಬೆರಳುಗಳು ಅಕ್ಕಿಯ ಮೇಲೆ ನಿಂತವು.

"ಹಂಗಾದ್ರೆ ಅಷ್ಟು ದಿನ ಬೆಂಕಿ ಮುಂದೆ ನಿಂತು, ಸಾರು ಬೇಕಿದ್ರೂ ಬರೀ ಮುದ್ದೆ ನುಂಗಿದ್ರಾ ಅವ್ರು?" ಎಂದಳು. ನಾನು ತಲೆ ತಗ್ಗಿಸಿದೆ. "ನಂಗಾದ್ರೂ ಹೇಳಿದ್ರೆ ಒಂದು ಹಿಡಿ ಚಟ್ನಿಪುಡಿ ಕಟ್ತಿದ್ನಲ್ಲೇ. ಅದು ಸೋರ್ತಿರ್ಲಿಲ್ಲ."

ಆ ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಹಸಿವಿಲ್ಲ ಎಂದಳು. ಇನ್ನೊಮ್ಮೆ ಕರೆಯಲು ನನಗೆ ಮುಖವಿರಲಿಲ್ಲ.