ಗೌರಿಯ ಕೈಗುಣ ಮತ್ತು ಒಂಬತ್ತು ಮೊಟ್ಟೆ

ಆಗ ನನಗೆ ಐವತ್ತೆಂಟು. ಹನ್ನೆರಡು ವರ್ಷವಾಯಿತು. ನನ್ನ ತಂಗಿ ಗೌರಿಯ ಮೇಲೆ ನಾನೊಂದು ಸುಳ್ಳು ಹೊರಿಸಿದೆ — ತಿಳಿದೂ ತಿಳಿದೂ ಹೊರಿಸಿದೆ. ಬಾಯಿತಪ್ಪಿ ಬಂದ ಮಾತಲ್ಲ.

ಗೌರಿ, ನಿನಗೆ ಓದಲು ಬರುವುದಿಲ್ಲ. ನನ್ನದೂ ಮೂರನೇ ಕ್ಲಾಸಿನ ಅಕ್ಷರ. ಇದನ್ನು ನಿನ್ನ ಮೊಮ್ಮಗಳು ಓದಿ ಹೇಳಲಿ. ಅವಳ ಬಾಯಿಂದಲೇ ನೀನು ಕೇಳಬೇಕು.

ನಂಜನಗೂಡಿನ ನಮ್ಮ ಮನೆಯ ಜಗಲಿಯಲ್ಲಿ ಲವ್ ಬರ್ಡ್ಸ್ ಸಾಕಿದ್ದೆ. ಆ ಹಕ್ಕಿಗಳಲ್ಲಿ ಗಂಡು, ಹೆಣ್ಣು ನೋಡಲು ಒಂದೇ. ಕೋಳಿಗೆ ಬೆರಳಿಟ್ಟು ಇವತ್ತು ಮೊಟ್ಟೆ ಇಡುತ್ತದೋ ಇಲ್ಲವೋ ಎಂದು ಹೇಳುತ್ತಿದ್ದವಳು ನಾನು. ಹಕ್ಕಿಯನ್ನೂ ಬೆರಳಿನಿಂದಲೇ ನೋಡಿದೆ. ಬಾಲದ ಬುಡದಲ್ಲಿ ಎರಡು ಮೂಳೆ ಸಿಗುತ್ತವೆ. ನಡುವೆ ಸಂದು ಇದ್ದರೆ ಹೆಣ್ಣು, ಒತ್ತಾಗಿದ್ದರೆ ಗಂಡು. ಬೀದಿಯವರೆಲ್ಲ ಹಕ್ಕಿ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿದ್ದರು. ನನಗೆ ಅದೊಂದು ಜಂಬ. ಸೋಸಲೆಯ ನಿನ್ನ ಮನೆಗೂ ನಾನೇ ಒಂದು ಜೋಡಿ ತಂದುಕೊಟ್ಟೆ. ಇನ್ನೂ ಎಳೆಯವು. ಎಳೆಯ ಹೆಣ್ಣಿಗೂ ಮೂಳೆ ಒತ್ತಾಗಿರುತ್ತದೆ — ಅದು ನನ್ನ ಬೆರಳಿಗೆ ಗೊತ್ತಿರಲಿಲ್ಲ. ಅಲ್ಲಿಯವರೆಗಿನದು ತಪ್ಪು, ಅಷ್ಟೇ.

ಪಾಪ ಆಮೇಲಿನದು.

ಮುಂದಿನ ವರ್ಷ ನಾನು ಬಂದಾಗ ಪಂಜರದ ಮಡಕೆಯಲ್ಲಿ ಒಂಬತ್ತು ಮೊಟ್ಟೆ. ತಿಂಗಳು ಮೀರಿದರೂ ಒಂದೂ ಒಡೆದು ಮರಿಯಾಗಿರಲಿಲ್ಲ. ಎರಡು ಹಕ್ಕಿಗಳೂ ಕೊಕ್ಕಿಗೆ ಕೊಕ್ಕಿಟ್ಟು ಗುಟುಕು ಕೊಟ್ಟುಕೊಳ್ಳುತ್ತಿದ್ದವು, ಗಂಡ ಹೆಂಡಿರಂತೆಯೇ. ಆದರೆ ಎರಡೂ ತೆಂಗಿನ ಗರಿ ಸೀಳಿ ಸೀಳಿ, ಬೆನ್ನಿನ ಪುಕ್ಕಕ್ಕೆ ಸಿಕ್ಕಿಸಿಕೊಂಡು ಮಡಕೆಗೆ ಹೊರುತ್ತಿದ್ದವು. ನಮ್ಮ ಮನೆಯಲ್ಲಿ ಹೆಣ್ಣು ಮಾತ್ರ ಹಾಗೆ ಹೊರುತ್ತಿತ್ತು. ಗಂಡು ಸೀಳಿದರೂ ಬೀಳಿಸಿಕೊಳ್ಳುತ್ತಿತ್ತು. ಇನ್ನು ಮೊಟ್ಟೆ — ಒಂದು ಹೆಣ್ಣು ಒಂದು ಸಲಕ್ಕೆ ನಾಲ್ಕೋ ಐದೋ ಇಡುತ್ತದೆ. ಒಂಬತ್ತು? ನೋಡಿದ ಗಳಿಗೆಯಲ್ಲೇ ತಿಳಿಯಿತು. ಎರಡೂ ಹೆಣ್ಣು.

ನಿನ್ನ ಗಂಡ ಮಾದಪ್ಪ ಅಕ್ಕಪಕ್ಕದ ಹೆಂಗಸರ ಮುಂದೆಯೇ ಕೇಳಿದ. "ಏನ್ ಅತ್ಗೆಮ್ಮ, ಗಂಡು ಅಂತ ಕೊಟ್ಟಿದ್ರಲ್ಲ, ಅದೂ ಬಸ್ರಿಯಾಗಿ ಕುಂತದಾ?"

ಎಲ್ಲರೂ ನಕ್ಕರು. ಅವನು ಆಡಿದ್ದು ತಮಾಷೆಗೆ, ತಗುಲಿದ್ದು ನಿಜಕ್ಕೆ. ನನಗೆ ಮೈ ಉರಿಯಿತು.

"ನನ್ ಬೆರಳು ಸುಳ್ಳೇಳಲ್ಲ," ಎಂದೆ. "ಗೌರಿ ಮಡಕೆ ಮುಟ್ಟವ್ಳೆ. ಅವ್ಳ ಕೈಗುಣ ಕಣಪ್ಪ, ಅದ್ಕೇ ಮರಿ ಆಗಿಲ್ಲ."

ನಿನ್ನ ಕೈಗುಣ! ನಾಟಿ ಶುರುವಾದರೆ ಮೊದಲ ಪೈರು ಊರಲು ಸೋಸಲೆಯವರು ನಿನ್ನನ್ನೇ ಕರೆಯುತ್ತಿದ್ದರು. ಹುಟ್ಟಿದ ಕೂಸಿಗೆ ಮೊದಲ ನೀರು ಎರೆಯಲೂ ನೀನೇ ಬೇಕಾಗಿತ್ತು. ನೀನು ಅಂಗೈ ತಿರುಗಿಸಿ ನೋಡಿಕೊಂಡೆ. "ಊಂ ಕಣಕ್ಕ, ಇರ್ಬೋದು" — ಅಷ್ಟೇ ನೀನು ಅಂದದ್ದು.

ಆ ಮಾತು ಊರು ಸುತ್ತಿತು. ಮುಂದಿನ ನಾಟಿಗೆ ನಿನ್ನನ್ನು ಕರೆದವರಿಲ್ಲ — ಕರೆದಿದ್ದರೂ ನೀನು ಹೋಗುತ್ತಿರಲಿಲ್ಲ. ನಿನ್ನ ಮಗಳು ಹೆತ್ತಾಗ ನೀನು ಬಚ್ಚಲ ಬಾಗಿಲಲ್ಲೇ ನಿಂತೆ, ಕೈ ಸೆರಗಿನೊಳಗೆ. "ನೀನೇ ಎರಿ ಅಕ್ಕ. ನನ್ ಕೈ ಬ್ಯಾಡ." ಕೂಸು ನನ್ನ ಕಾಲ ಮೇಲಿತ್ತು, ನೀರು ಬೆಚ್ಚಗಿತ್ತು. ಆಗಲಾದರೂ ಹೇಳಬಹುದಿತ್ತು — ಸುಮ್ಮನೆ ಎರೆದೆ. ಈಗ ಇದನ್ನು ನಿನಗೆ ಓದಿ ಹೇಳುತ್ತಿರುವವಳು ಆ ಕೂಸೇ.

ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ ಗೌರಿ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಈ ಸಲ ನಾಟಿಗೆ ಸೋಸಲೆಗೆ ಬರುತ್ತೇನೆ. ಗದ್ದೆಯ ಬದುವಿನ ಮೇಲೆ ನಿಂತು, ಎಲ್ಲರ ಮುಂದೆ, ಇದನ್ನೇ ಹೇಳುತ್ತೇನೆ.

ಇನ್ನೊಂದು ಉಳಿದಿದೆ. ಅದನ್ನೂ ಬರೆದುಬಿಡಬೇಕು.

ಆ ಮಾತಾಡಿದ ಮರುದಿನ ಬೆಳಿಗ್ಗೆ ನೀನು ದೂರದಿಂದಲೇ ಮಡಕೆ ತೋರಿಸಿದೆ. "ನೀನೇ ಒಳೆಗೆ ಬುಟ್ಬುಡಕ್ಕ, ನಾ ಮುಟ್ಟಲ್ಲ." ಒಂಬತ್ತನ್ನೂ ಹೊಳೆಗೆ ಎಸೆದೆ — ಇನ್ನು ಯಾರೂ ಎಣಿಸುವಂತಿಲ್ಲವಲ್ಲ ಎಂದು ಮನಸ್ಸು ಹಗುರವಾಯಿತು. ಹಕ್ಕಿಗಳನ್ನೂ ವಾಪಸ್ ತೆಗೆದುಕೊಂಡು ಹೊರಟೆ. ನರಸೀಪುರದ ಬಸ್ಸಿನಲ್ಲಿ ಪಂಜರ ತೊಡೆಯ ಮೇಲಿತ್ತು. ಪಕ್ಕದಲ್ಲಿ ಕೂತ ಹೆಂಗಸು ಬಗ್ಗಿ ನೋಡಿ, "ಇದ್ರಲ್ಲಿ ಗಂಡು ಯಾವ್ದವ್ವ?" ಎಂದಳು.

ಬೆರಳು ಮಾಡಿ ಒಂದನ್ನು ತೋರಿಸಿದೆ.