ಓಡುವಾಗಲೇ ಸಿಕ್ಕಿಬಿದ್ದ ಎದೆಬಡಿತ

ಗಾಜು ಕುಯ್ಯುವವನ ಕಸುಬು ಎಂಥದ್ದು ಎಂದು ತಿಳಿಯಬೇಕಾದರೆ ಅವನ ಕೈ ನೋಡಬಾರದು, ಮುಖ ನೋಡಬೇಕು. ಕೈಮೇಲೆ ಗಾಯದ ಗುರುತು ಯಾವ ಕಸುಬಿನವನಿಗಾದರೂ ಇರುತ್ತದೆ. ಗಾಜಿನ ಕೆಲಸ ಸರಿಯಾಗಿ ಬಲ್ಲವನ ಮುಖದ ಮೇಲೆ ಮಾತ್ರ ಒಂದು ಗೀರೂ ಇರುವುದಿಲ್ಲ. ಯಾಕೆಂದರೆ ಅವನು ಕೆಲಸದ ನಡುವೆ ಮುಖ ಒರೆಸಿಕೊಳ್ಳುವುದಿಲ್ಲ. ಬೆವರು ಇಳಿಯಲಿ, ನೊಣ ಕೂರಲಿ, ತುರಿಕೆ ಪ್ರಾಣ ತಿನ್ನಲಿ, ಕೈ ಮೇಲಕ್ಕೆ ಏಳಕೂಡದು. ಗಾಜಿನ ಅಂಚನ್ನು ಕಲ್ಲಿನಿಂದ ಉಜ್ಜುವಾಗ ಏಳುವ ಪುಡಿ ಹಿಟ್ಟಿನ ಹಾಗೆ ಬಂದು ಕೆನ್ನೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಕೂತಿರುತ್ತದೆ. ಒರೆಸಿದರೆ ಚರ್ಮ ಗೀರಿಕೊಂಡೇ ಹೋಗುತ್ತದೆ.

ಗಾಜಣ್ಣ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಅಂಗಡಿಯ ಹಿಂಬದಿಯಲ್ಲಿ ಅಗಲವಾದ ಬೋಗುಣಿ, ಅದರ ತುಂಬ ತಣ್ಣೀರು. ಕೆಲಸ ಬಿಟ್ಟು ಏಳುವ ಮುಂಚೆ ಉಸಿರು ಕಟ್ಟಿ, ಕಿವಿ ಮುಳುಗುವ ತನಕ ಮುಖ ಅದ್ದಿ, ನೀರೊಳಗೇ ತಲೆಯನ್ನು ಅತ್ತಿತ್ತ ಆಡಿಸಿ, ಆಮೇಲೆ ಎತ್ತುವುದು. ಪುಡಿಯೆಲ್ಲ ನೀರಿನ ತಳ ಸೇರುತ್ತಿತ್ತು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನದು ಬಡಗಿ ಕೆಲಸ. ಮಗ ಕಿಟಕಿಯ ಮರಕ್ಕಿಂತ ಅದರೊಳಗಿನ ಗಾಜಿಗೆ ಮರುಳಾಗಿ, ಒಡೆದ ಚೂರುಗಳ ಮೇಲೆ ಕೈ ಪಳಗಿಸಿಕೊಂಡು, ಎಷ್ಟೋ ಗಾಜು ಹಾಳುಮಾಡಿ, ಎಷ್ಟೋ ಬೈಗುಳ ತಿಂದು, ಕಡೆಗೆ ಆ ಬೀದಿಯ ಕಿಟಕಿ ಕನ್ನಡಿಗಳಿಗೆಲ್ಲ ತಾನೇ ಗತಿ ಎನ್ನುವಂತಾದ. ಹೆತ್ತವರು ಇಟ್ಟ ಹೆಸರು ಮನೆಯವರಿಗೂ ಮರೆತುಹೋಗಿ ಗಾಜಣ್ಣನೆಂದೇ ನಿಂತಿತು.

ಅರವತ್ತು ದಾಟಿದ ಮೇಲೆ ಅವನಿಗೊಂದು ಬಾಧೆ ಶುರುವಾಯಿತು. ಸುಮ್ಮನೆ ಕೂತು ಅಳತೆ ಹಾಕುತ್ತಿರುವಾಗ, ಯಾರೋ ಒಳಗಿನಿಂದ ಸ್ವಿಚ್ ಒತ್ತಿದ ಹಾಗೆ, ಎದೆ ಓಡತೊಡಗುತ್ತಿತ್ತು. ಮೆಲ್ಲಗೆ ಏರುವುದಲ್ಲ, ಒಂದೇ ಏಟಿಗೆ. ಕತ್ತಿನ ನರ ಕಪ್ಪೆಯ ಗಂಟಲಿನ ಹಾಗೆ ಪಟಪಟ ಹಾರುತ್ತಿತ್ತು. ಕಣ್ಣು ಮಂಜಾಗಿ, ಕೈಕಾಲಿನ ಬಲ ಉಡುಗಿಹೋಗುತ್ತಿತ್ತು. ಕಾದು ಕಾದು, ಇನ್ನು ತಡೆಯಲಾರೆ ಎನಿಸಿದಾಗ, "ನಡಿಯೇ, ಡಾಕ್ಟ್ರ ಹತ್ರ ಹೋಗೋಣ" ಎಂದು ಹೆಂಡತಿಯನ್ನು ಕೂಗುತ್ತಿದ್ದ. ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಸ್ವಿಚ್ ಆರಿಸಿದ ಹಾಗೆ ಎಲ್ಲ ನಿಂತೇಹೋಗುತ್ತಿತ್ತು.

ಆದರೂ ಹೋಗುತ್ತಿದ್ದರು. ಬೀದಿಯ ಡಾಕ್ಟರು ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆಸಿದರು. ಕಾಗದದ ಮೇಲಿನ ಗೆರೆ ಒಳ್ಳೆಯ ಹುಡುಗಿ ಹಾಕಿದ ಹೊಲಿಗೆಯ ಹಾಗೆ ಅಚ್ಚುಕಟ್ಟಾಗಿತ್ತು. "ಗಾಜಣ್ಣ, ಇದಕ್ಕೆ ನೀನೇ ಒಂದು ಫ್ರೇಮು ಹಾಕಿ ಗೋಡೆಗೆ ನೇತುಹಾಕ್ಕೋ. ಎದೆ ಚೆನ್ನಾಗಿದೆ. ಗಾಬರಿ ಬಿಡು" ಎಂದರು. ಮುಂದಿನ ಸಲವೂ ಅದೇ ಮಾತು. ಆಮೇಲೆ ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಆಕೆ ಒಂದು ಇಡೀ ದಿನ ಸೊಂಟಕ್ಕೆ ಸಣ್ಣ ಯಂತ್ರ ಕಟ್ಟಿ ಕಳಿಸಿದರು. ಆ ದಿನ ಅವನ ಎದೆ ಇನ್ಸ್‌ಪೆಕ್ಟರ್ ಬಂದ ದಿನದ ಶಾಲೆಮಕ್ಕಳ ಹಾಗೆ ಕೈಕಟ್ಟಿ ಕೂತಿತ್ತು.

"ಬಂದಾಗ್ಲೇ ಬನ್ನಿ ಯಜಮಾನ್ರೇ. ಓಡ್ತಿರೋದನ್ನ ಹಿಡಿದ್ರೆ ತಾನೇ ನಾನು ಏನಾದ್ರೂ ಹೇಳೋಕಾಗೋದು" ಎಂದರು ಡಾಕ್ಟರಮ್ಮ.

"ಬಂದಾಗ್ಲೇ ಹೊರಡ್ತೀನಿ ಡಾಕ್ಟ್ರಮ್ಮ. ಹೊರಟೆ ಅಂದ್ರೆ ಸಾಕು, ಹೋಗಿಬಿಡತ್ತೆ."

"ನಮ್ಮವರ ಎದೆಗೂ ಸೂಜಿ ಅಂದ್ರೆ ಭಯ" ಎಂದಳು ಹೆಂಡತಿ. ಎಲ್ಲರೂ ನಕ್ಕರು. ಗಾಜಣ್ಣನೂ ನಕ್ಕ, ಆದರೆ ಆ ಮಾತು ಅವನ ಹೊಟ್ಟೆಯೊಳಗೆ ಕಲ್ಲಾಗಿ ಕೂತಿತು. ಡಾಕ್ಟರ ಹತ್ತಿರ ಹೋಗುತ್ತೇನೆ ಎಂದುಕೊಂಡ ಕೂಡಲೇ ನಿಲ್ಲುವ ಕಾಯಿಲೆ ಎದೆಯದಾಗುವುದು ಹೇಗೆ? ಅದು ತಲೆಯದೇ ಇರಬೇಕು. ಅವನ ತಾಯಿ ಕೊನೆಗಾಲದಲ್ಲಿ ಇಲ್ಲದ ಸಪ್ಪಳ ಕೇಳುತ್ತಿದೆ ಎಂದು ಬಾಗಿಲು ಬಾಗಿಲು ಅಲೆದು, ಕಡೆಗೆ ಹೆತ್ತ ಮಗನ ಗುರುತೂ ಹತ್ತದೆ ಸತ್ತಿದ್ದಳು. ಇಲ್ಲದ ಬಡಿತ ಕೇಳಿಸುವುದು ಅದೇ ದಾರಿಯ ಮೊದಲ ಹೆಜ್ಜೆಯಲ್ಲದೆ ಇನ್ನೇನು? ಇದನ್ನು ಅವನು ಯಾರ ಮುಂದೆಯೂ ಬಾಯಿಬಿಡಲಿಲ್ಲ. ಹೆಂಡತಿ ಮಾತ್ರ ಅವನ ಮುಖ ನೋಡಿ ನೋಡಿ ಸುಮ್ಮನಾಗುತ್ತಿದ್ದಳು.

ಅಷ್ಟರಲ್ಲಿ ಇನ್ನೊಂದು ಆಯಿತು. ಅಪ್ಪ ಮಗ ಸೇರಿ ಒಂದು ಅಂಗಡಿಗೆ ಆಳೆತ್ತರದ ಗಾಜು ಹೊತ್ತು ನಡೆಯುತ್ತಿರುವಾಗ ಸ್ವಿಚ್ ಬಿತ್ತು. ಗಾಜಣ್ಣನ ಹಿಡಿತ ಸಡಿಲಿ, ಗಾಜು ಮಗನ ಕಾಲ ಪಕ್ಕದಲ್ಲೇ ಬಿದ್ದು ಬೀದಿಯೆಲ್ಲ ಹರಡಿತು. ಒಂದು ಗೇಣು ಈಚೆ ಬಿದ್ದಿದ್ದರೆ ಪಾದ ಹೋಗುತ್ತಿತ್ತು.

"ಅಪ್ಪ, ಸಾಕು" ಎಂದ ಮಗ ಆ ಸಂಜೆ. "ದೊಡ್ಡ ಗಾಜು ಮುಟ್ಟಬೇಡ. ಈ ತಿಂಗಳು ಕಳೀಲಿ, ಚಿಕ್ಕದೂ ಬೇಡ. ಮುಂದೆ ಕುರ್ಚಿ ಹಾಕಿಕೊಂಡು ಬಂದೋರನ್ನ ಮಾತಾಡಿಸು."

"ನಾನೇನು ಅಂಗಡಿ ಬೋರ್ಡಾ, ಮುಂದೆ ತೂಗುಹಾಕೋಕೆ?"

ಬಾಯಲ್ಲಿ ಹಾಗೆಂದರೂ ಅವನು ಎದುರು ವಾದಿಸಲಿಲ್ಲ. ಅದು ಹೆಂಡತಿಗೆ ಬೇರೆಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಜಗಳವಾಡದೆ ಸೋಲುವ ಗಂಡಸಲ್ಲ ಅವನು.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಮಗ ಅಳತೆಗೆಂದು ಹೊರಗೆ ಹೋಗಿದ್ದ, ಹೆಂಡತಿ ಮಾರುಕಟ್ಟೆಗೆ ಹೋಗಿದ್ದಳು. ಗಾಜಣ್ಣ ಒಬ್ಬನೇ ಫೋಟೋ ಫ್ರೇಮಿನ ಗಾಜುಗಳ ಅಂಚು ಉಜ್ಜುತ್ತ ಕೂತಿದ್ದ. ಆಗ ಸ್ವಿಚ್ ಬಿತ್ತು. ಅದೇ ಹೊತ್ತಿಗೆ ಸೊಸೆ ಬಂದಳು. ಅವಳು ಬೇಕರಿಯೊಂದರ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ತಲುಪಿಸುವ ವ್ಯಾನು ಓಡಿಸುತ್ತಿದ್ದಳು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಆದರೆ ಮಾವನಿಗೆ ಎದುರು ಮಾತಾಡುವ ಸಲಿಗೆ ಬಂದ ವಾರವೇ ಬಂದಿತ್ತು. ಮಾವನ ಕತ್ತಿನ ನರ ಹಾರುವುದನ್ನು ಬಾಗಿಲಲ್ಲೇ ಕಂಡಳು. ಮಣಿಕಟ್ಟು ಹಿಡಿದು ನೋಡಿದಳು.

"ಮಾವ, ಏಳಿ. ವ್ಯಾನ್ ಆನ್‌ನಲ್ಲೇ ಇದೆ."

"ತಡಿಯಮ್ಮ, ಒಂಚೂರು ಮುಖ ತೊಳ್ಕೊಂಡು ಬರ್ತೀನಿ."

"ಹೆಣ್ಣು ನೋಡೋಕೆ ಹೋಗ್ತಿದ್ದೀರಾ? ಹತ್ತಿ ಅಂದ್ರೆ ಹತ್ತಿ."

"ಮುಖವೆಲ್ಲ ಪುಡಿ ಕಣೇ! ಬೋಗುಣಿ ಇಲ್ಲೇ ಇದೆ..."

"ಬೋಗುಣಿ ಓಡಿಹೋಗಲ್ಲ, ಎದೆ ಓಡಿಹೋಗತ್ತೆ. ನನ್ನ ವ್ಯಾನೂ ನಿಮ್ಮ ಹಾಗೇ ಕಳ್ಳ. ದಾರೀಲೆಲ್ಲ ಕಿರಗುಟ್ಟತ್ತೆ, ಗ್ಯಾರೇಜಿನವನ ಮುಂದೆ ಗಪ್‌ಚುಪ್. ಕಡೆಗೆ ಏನ್ ಮಾಡಿದೆ ಗೊತ್ತಾ? ಕಿರಗುಟ್ತಿರುವಾಗ್ಲೇ ಸೀದಾ ಒಳಗೆ ನುಗ್ಗಿಸಿದೆ."

ರಟ್ಟೆ ಹಿಡಿದು ಎಬ್ಬಿಸಿ, ಬ್ರೆಡ್ಡಿನ ಟ್ರೇಗಳ ಪಕ್ಕದ ಸೀಟಿಗೆ ತುರುಕಿ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಗಾಜಣ್ಣ ಎದೆಯ ಓಟ ನಿಲ್ಲುವುದನ್ನು ಕಾದ. ಹೊರಟಾಯಿತು, ಆಸ್ಪತ್ರೆಯ ಗೇಟೂ ಬಂತು, ಓಟ ನಿಲ್ಲಲಿಲ್ಲ. ಅವನಿಗೆ ಈಗ ನಿಜವಾದ ದಿಗಿಲು ಹತ್ತಿತು.

ಇಸಿಜಿ ಕೋಣೆಯಲ್ಲಿದ್ದ ಹೆಂಗಸು ಪುಡಿ ಮೆತ್ತಿ ಬೆಳ್ಳಗಾಗಿದ್ದ ಅವನ ಮುಖ ನೋಡಿ, "ಏನಜ್ಜ, ಪೌಡರ್ ಜಾಸ್ತಿ ಆಯ್ತಾ?" ಎನ್ನುತ್ತಲೇ ತಂತಿಗಳನ್ನು ಅಂಟಿಸಿದಳು. ಕಾಗದ ಹೊರಬರುತ್ತಿದ್ದ ಹಾಗೆ ಅವಳ ನಗು ನಿಂತಿತು. "ಕದಲಬೇಡಿ" ಎಂದು ಹೇಳಿ ಡಾಕ್ಟರಮ್ಮನನ್ನು ಕರೆತಂದಳು.

ಡಾಕ್ಟರಮ್ಮ ಕಾಗದವನ್ನು ಬೆಳಕಿಗೆ ಹಿಡಿದು ನಿಂತರು. ಮೊದಲು ರಕ್ತದ ಒತ್ತಡ ನೋಡಿದರು, ಎದೆ ನೋಯುತ್ತಿದೆಯೇ, ಕಣ್ಣು ಕತ್ತಲಿಡುತ್ತಿದೆಯೇ ಎಂದು ಕೇಳಿದರು. ಎಲ್ಲ ತಾಳಿಕೊಳ್ಳುವಂತಿದೆ ಎಂದು ಖಾತ್ರಿಯಾದ ಮೇಲೆ ಆಕೆಯ ಮುಖ ಅರಳಿತು.

"ಸಿಕ್ಕಿಬಿದ್ದ ಕಳ್ಳ! ನಿಮಿಷಕ್ಕೆ ನೂರಾ ತೊಂಬತ್ತು. ಇಲ್ನೋಡಿ ಯಜಮಾನ್ರೇ, ಈ ಮೊನೆಗಳು ಎಷ್ಟು ಸಪೂರ ಇದಾವೆ, ಒಂದಕ್ಕೊಂದು ಎಷ್ಟು ಸಮ ದೂರ. ಪ್ರತಿ ಮೊನೆಯ ಮುಂದೆ ಒಂದು ಸಣ್ಣ ಉಬ್ಬು ಇರಬೇಕಿತ್ತು, ಅದು ಇಲ್ಲ. ಇವೇ ಮೊನೆಗಳು ಅಗಲ ಆಗಿದ್ದಿದ್ರೆ ನಾನು ಹೀಗೆ ನಿಂತು ಮಾತಾಡ್ತಿರಲಿಲ್ಲ. ಅಡ್ಡಾದಿಡ್ಡಿ ಬಿದ್ದಿದ್ರೆ ಅದು ಇನ್ನೊಂದು ಕಾಯಿಲೆ."

"ಅಂದ್ರೆ... ಓಡ್ತಿರೋದು ನಿಜವಾ?"

"ನಿಜವಾ ಅಂದ್ರೆ? ಕಾಗದದ ಮೇಲೇ ಇದೆಯಲ್ಲ."

"ಇದು ತಲೇದಲ್ವಾ?"

"ತಲೆಗೆ ನಾನು ತಂತೀನೇ ಅಂಟಿಸಿಲ್ಲ."

ಓಡುವ ಎದೆಯನ್ನಿಟ್ಟುಕೊಂಡೇ ಗಾಜಣ್ಣನಿಗೆ ಹೊಟ್ಟೆಯೊಳಗಿನ ಕಲ್ಲು ಕರಗಿದ ಹಾಗಾಯಿತು. ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಪುಡಿಯಲ್ಲಿ ಎರಡು ಗೆರೆ ಬಿದ್ದವು. ಸೊಸೆ ಸೆರಗು ಚಾಚಿದಾಗ, "ಒರೆಸಬೇಡ್ವೇ, ಕುಯ್ಯತ್ತೆ!" ಎಂದು ಬೊಬ್ಬೆ ಹಾಕಿದ.

ಡಾಕ್ಟರಮ್ಮ ಅವನ ಕೈಗೆ ಒಂದು ಖಾಲಿ ಸಿರಿಂಜು ಕೊಟ್ಟು ಬಲವಾಗಿ ಊದಿಸಿದರು, ಹಾಗೇ ಮಲಗಿಸಿ ಕಾಲೆರಡನ್ನೂ ಮೇಲಕ್ಕೆತ್ತಿಸಿದರು. ಎದೆ ಜಪ್ಪಯ್ಯ ಎನ್ನಲಿಲ್ಲ.

"ಚುಚ್ಚುಮದ್ದು ಇದೆ, ನಿಲ್ಲಿಸೋಣ. ಅದಕ್ಕೆ ಮುಂಚೆ ಒಂದು ಹಳೇ ಉಪಾಯ ನೋಡ್ತೀನಿ" ಎಂದು ಆಕೆ ಒಂದು ಪಾತ್ರೆಯಲ್ಲಿ ಐಸ್ ಹಾಕಿದ ನೀರು ತರಿಸಿದರು. "ಉಸಿರು ಕಟ್ಟಿ ಇದರಲ್ಲಿ ಮುಖ ಅದ್ದಬೇಕು. ಹೆದರಬೇಡಿ."

"ಹೆದರೋದೇನು ಬಂತು? ಇದನ್ನ ನಾನು ದಿನಾ ಮಾಡ್ತೀನಿ! ಇವತ್ತು ಇವಳು ಬಿಡಲಿಲ್ಲ. ಇಲ್ದಿದ್ರೆ ಇಷ್ಟು ಸಲ ಬಂದಿದ್ರಲ್ಲಿ ಒಂದು ದಿನವಾದ್ರೂ ನಿಮ್ಮ ಮುಂದೆ ಕೊಳಕು ಮುಖ ಹೊತ್ತು ಬಂದಿದೀನಾ?"

ಡಾಕ್ಟರಮ್ಮನ ಕೈ ಪಾತ್ರೆಯ ಮೇಲೇ ನಿಂತಿತು. "ಇಲ್ಲಿಗೆ ಹೊರಡೋ ಮುಂಚೆ ಪ್ರತಿ ಸಲ ತಣ್ಣೀರಲ್ಲಿ ಮುಖ ಅದ್ತಿದ್ರಾ?"

"ಅದ್ದದೆ? ಗಾಜಿನ ಪುಡಿ ಅಲ್ವಾ?"

ಆಕೆ ಕುರ್ಚಿಯ ಮೇಲೆ ಕೂತು ನಗಲು ಶುರುಮಾಡಿದರು. ನಗುವುದು ಮುಗಿದ ಮೇಲೆ ಅದ್ದುವಂತೆ ಸನ್ನೆ ಮಾಡಿದರು. ಎದೆಯ ತಂತಿ ಹಾಗೇ ಇತ್ತು, ಕಾಗದ ಓಡುತ್ತಿತ್ತು. ಗಾಜಣ್ಣ ಮೂವತ್ತು ವರ್ಷದ ರೂಢಿಯಂತೆ ಕಿವಿ ಮುಳುಗುವ ತನಕ ಅದ್ದಿ ತಲೆ ಆಡಿಸಿದ. ಕಾಗದದ ಮೇಲೆ ಒತ್ತೊತ್ತಾಗಿ ಓಡುತ್ತಿದ್ದ ಮೊನೆಗಳು ಥಟ್ಟನೆ ನಿಂತವು, ಒಂದು ಬೆರಳಗಲ ಬರೀ ಗೆರೆ ಬಂತು, ಸೊಸೆ ಉಸಿರು ಹಿಡಿದಳು. ಆಮೇಲೆ ಒಂದು ಸಣ್ಣ ಉಬ್ಬು, ಅದರ ಹಿಂದೆ ಒಂದು ಮೊನೆ. ಮತ್ತೆ ಉಬ್ಬು, ಮತ್ತೆ ಮೊನೆ, ಆರಾಮವಾಗಿ.

"ಮನೇಲೇ ಔಷಧಿ ಮಾಡ್ಕೊಂಡು, ವಾಸಿಯಾದ ಮೇಲೆ ತೋರಿಸೋಕೆ ಬರ್ತಿದ್ರಲ್ಲ ಮಹಾರಾಯ್ರೇ" ಎಂದರು ಡಾಕ್ಟರಮ್ಮ. "ನಾನೂ ಕೇಳಲಿಲ್ಲ. ಹೊರಡೋ ಮುಂಚೆ ಏನು ಮಾಡ್ತೀರಿ ಅಂತ ಮೊದಲ ದಿನವೇ ಕೇಳಬೇಕಿತ್ತು."

ಆಮೇಲೆ ಆಕೆ ಬಿಡಿಸಿ ಹೇಳಿದರು. ಹೃದಯದಲ್ಲಿ ಮೇಲಿನ ಕೋಣೆಯಿಂದ ಕೆಳಕ್ಕೆ ಕರೆಂಟು ಇಳಿಯಲು ಒಂದೇ ದಾರಿ ಇದ್ದರೆ ಸಾಕು. ಗಾಜಣ್ಣನಿಗೆ ಹುಟ್ಟಿನಿಂದಲೇ ಎರಡು ದಾರಿ. ಒಂದೊಂದು ಸಲ ಒಂದರಲ್ಲಿ ಇಳಿದ ಕರೆಂಟು ಇನ್ನೊಂದರಲ್ಲಿ ಮೇಲೆ ಹತ್ತಿ, ಮತ್ತೆ ಇಳಿದು, ಗಾಣದೆತ್ತಿನ ಹಾಗೆ ಸುತ್ತುತ್ತದೆ. ಮುಖ ತಣ್ಣೀರಿಗೆ ಬಿದ್ದಾಗ ಒಂದು ನರ ಎದೆಗೆ 'ನಿಧಾನ' ಎನ್ನುತ್ತದೆ, ಸುತ್ತು ಕಡಿದುಹೋಗುತ್ತದೆ. ಹೊರಡುವ ಮನಸ್ಸು ಮಾಡಿದ್ದಕ್ಕೇ ಎದೆಯ ಓಟ ನಿಲ್ಲುತ್ತದೆ ಎಂದು ಗಾಜಣ್ಣ ತಿಳಿದಿದ್ದ, ನಿಜಕ್ಕೂ ನಿಲ್ಲಿಸುತ್ತಿದ್ದುದು ಬೋಗುಣಿಯ ನೀರು. ದಿನಾ ಮಾತ್ರೆ ನುಂಗಿ ಹದ್ದುಬಸ್ತಿನಲ್ಲಿಡಬಹುದು, ಇಲ್ಲವೇ ತೊಡೆಯ ನರದಿಂದ ಸಣ್ಣ ತಂತಿ ತೂರಿಸಿ ಆ ಎರಡನೆಯ ದಾರಿಯನ್ನೇ ಸುಟ್ಟು ಮುಚ್ಚಬಹುದು ಎಂದರು. ತೀರ ಅಪರೂಪಕ್ಕೆ ಒಳ್ಳೆಯ ದಾರಿಗೂ ಪೆಟ್ಟಾಗಬಹುದು ಎನ್ನುವುದನ್ನೂ ಮುಚ್ಚಿಡಲಿಲ್ಲ.

"ಮುಚ್ಚಿಬಿಡಿ" ಎಂದ ಗಾಜಣ್ಣ. "ಬಿರುಕು ಬಿಟ್ಟ ಗಾಜಿಗೆ ಟೇಪ್ ಹಚ್ಚಿ ಬದುಕೋ ಆಸಾಮಿ ನಾನಲ್ಲ."

ಕೆಲವು ವಾರಗಳ ಮೇಲೆ ಅವನನ್ನು ತಂಪಾದ ಒಂದು ಕೋಣೆಯ ಕಿರಿದಾದ ಮೇಜಿನ ಮೇಲೆ ಮಲಗಿಸಿದರು. ಎಚ್ಚರವಾಗಿಯೇ ಇದ್ದ. ತೊಡೆಯಿಂದ ತೂರಿಸಿದ ತಂತಿಯಲ್ಲಿ ಡಾಕ್ಟರಮ್ಮ ಬೇಕೆಂದೇ ಎದೆಯನ್ನು ಕೆಣಕಿದಾಗ ಸ್ವಿಚ್ ಬಿತ್ತು. "ಬಂತು, ಬಂತು!" ಎಂದು ಕಿರುಚಿದ. "ಬರಲಿ ಅಂತಲೇ ಕರೆದಿದ್ದು" ಎಂದರು ಆಕೆ. ಆಮೇಲೆ ಎದೆಯೊಳಗೆ ಸಣ್ಣಗೆ ಬೆಚ್ಚಗಾಯಿತು. ಆಮೇಲೆ ಮತ್ತೆ ಕೆಣಕಿದರು. ಏನೂ ಆಗಲಿಲ್ಲ. ಔಷಧಿ ಕೊಟ್ಟು ಹುರಿದುಂಬಿಸಿ ಕೆಣಕಿದರು. ಈ ಹಾಳು ಎದೆ ಡಾಕ್ಟರ ಮುಂದೆ ಒಮ್ಮೆ ಓಡಲಿ ಎಂದು ಅಷ್ಟು ಕಾಲ ಹಂಬಲಿಸಿದ್ದವನು ಈಗ ಹಲ್ಲು ಕಚ್ಚಿ, ಓಡದಿರಲಿ, ಓಡದಿರಲಿ ಎಂದು ಬೇಡುತ್ತ ಮಲಗಿದ್ದ. ಬಹಳ ಹೊತ್ತು ಕಾದು ನೋಡಿ ಡಾಕ್ಟರಮ್ಮ ಮುಖದ ಮಾಸ್ಕು ಇಳಿಸಿದರು.

"ಎಷ್ಟು ಕರೆದ್ರೂ ಬರ್ತಿಲ್ಲ ಯಜಮಾನ್ರೇ. ದಾರಿ ಮುಚ್ಚಿದೆ. ಒಂದಷ್ಟು ದಿನ ಭಾರ ಎತ್ತಬೇಡಿ. ಆಮೇಲೆ ನಿಮ್ಮ ಗಾಜು, ನಿಮ್ಮ ಕೈ."

ವಾರ್ಡಿಗೆ ತಂದು ಮಲಗಿಸಿ, ಸಂಜೆ ತನಕ ಬಲಗಾಲು ಮಡಿಸಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮಗ ಬಂದು, "ಅಪ್ಪ, ಒಂದು ಮನೆಯ ಮೆಟ್ಟಿಲ ಪಕ್ಕದ ಕನ್ನಡಿ ಅಳತೆ ನಂಗೆ ಕೂಡ್ತಾ ಇಲ್ಲ, ನೀನು ಬಂದ ಮೇಲೇ ನೋಡು" ಎಂದು ನೆಲ ನೋಡುತ್ತ ಹೇಳಿ, ಸೊಸೆಯ ಜೊತೆ ಚಹಾ ಕುಡಿಯಲು ಹೋದ.

ಹೆಂಡತಿ ಮಂಚದ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದಳು. "ನಾನೊಂದು ಹೇಳ್ತೀನಿ, ಬೈಬೇಡಿ" ಎಂದಳು. "ನಿಮ್ಮ ಅಮ್ಮನ ಥರ ಆಗ್ತಿದೆಯೇನೋ ಅಂತ ಅಂದ್ಕೊಂಡಿದ್ದೆ ರೀ."

"ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ."

"ಮತ್ತೆ ಹೇಳಬಾರದಿತ್ತಾ?"

"ನೀನು ಹೇಳಬಾರದಿತ್ತಾ?"

ತಿರುಗಿ ನೋಡಿದರೆ ಅವಳ ತಲೆ ಗೋಡೆಗೆ ಒರಗಿತ್ತು, ಬಾಯಿ ಅರೆತೆರೆದಿತ್ತು. ಎಷ್ಟೋ ಕಾಲದಿಂದ ಗಂಡನ ಮಗ್ಗುಲಲ್ಲಿ ಕಿವಿ ತೆರೆದುಕೊಂಡೇ ಮಲಗುತ್ತಿದ್ದ ಹೆಂಗಸು, ಹಾಡುಹಗಲಲ್ಲಿ, ಅಷ್ಟು ಜನರ ನಡುವೆ ಗೊರಕೆ ಹೊಡೆಯುತ್ತಿದ್ದಳು. ಪಕ್ಕದ ಮಂಚದವರು ಮುಸಿಮುಸಿ ನಕ್ಕರು. ನರ್ಸು ಕುರ್ಚಿ ಸರಿಸಲು ಬಂದು ಅವಳ ಭುಜ ಮುಟ್ಟಹೊರಟಳು.

"ಮುಟ್ಟಬೇಡಮ್ಮ" ಎಂದು ಪಿಸುಗುಟ್ಟಿದ ಗಾಜಣ್ಣ. "ಏನು ಬೇಕಿದ್ರೂ ಆಮೇಲೆ ಮಾಡು. ಮಲಗಲಿ."

ಬಾಯಾರಿಕೆಯಾಗಿತ್ತು, ಬೆನ್ನು ಹಿಡಿದುಕೊಂಡಿತ್ತು, ಕಾಲು ಮಡಿಸುವ ಹಾಗಿರಲಿಲ್ಲ. ಅವನು ಯಾರನ್ನೂ ಕೂಗದೆ ಆ ಗೊರಕೆ ಕೇಳುತ್ತ ಮಲಗಿದ.